ಈರಣ್ಣ ನಿಂತ ಕಲ್ಲು

ಈ ಸಲ ಶ್ರಾವಣಕ್ಕೆ ಊರಿಗೆ ಬಂದಾಗ, ಬೆಳಗಿನ ಮೊದಲ ಬಸ್ಸಿನ ಕಿಟಕಿಯಿಂದ ಕಂಡ ನೋಟಕ್ಕೆ ನಾನು ಹಣೆ ಹಣೆ ಚಚ್ಚಿಕೊಂಡೆ. ಪಕ್ಕದೂರು ಸಂಶಿಯಿಂದ ನಮ್ಮೂರಿಗೆ ಬರುವ ಡಾಂಬರು ರಸ್ತೆಯ ಮೇಲೆ ಏಳೆಂಟು ಜನ ಮುದುಕ ಮುದುಕಿಯರು ನಮ್ಮ ಬಸ್ಸಿಗೆ ಬೆನ್ನು ಕೊಟ್ಟು, ಬಸ್ಸಿನ ಕಡೆಗೇ ಬರುತ್ತಿದ್ದರು. ಮುಖ ಊರಿನ ಕಡೆ, ನಡಿಗೆ ಸಂಶಿಯ ಕಡೆ. ಡ್ರೈವರ್ ಹಾರ್ನ್ ಹೊಡೆದರೂ ಒಬ್ಬರೂ ತಿರುಗಿ ನೋಡಲಿಲ್ಲ. ಅವರ ನಡುವೆ ಬಿಳಿ ಟೋಪಿಯ ರಾಜೇಸಾಬ ಕಾಕಾನೂ ಇದ್ದ, ಹಸಿರು ಇಳಕಲ್ ಸೀರೆಯ ನಮ್ಮ ಅವ್ವನೂ ಇದ್ದಳು.

ಅಷ್ಟರಲ್ಲಿ ಕಂಡಕ್ಟರ್ ಕೂಗಿದ: "ಈರಣ್ಣನ ಕಲ್ಲು! ಯಾರರ ಇಳ್ಯಾವ್ರು ಅದೀರೇನ್ರಿ?"

ಆ ಈರಣ್ಣ ನಾನೇ, ಮೂರನೇ ಸೀಟಿನಲ್ಲಿ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತವನು. ಬದುಕಿರುವಾಗಲೇ ಹೆಸರಿನ ಕಲ್ಲು ನಿಲ್ಲಿಸಿಕೊಂಡ ಭಾಗ್ಯ ಎಷ್ಟು ಜನರಿಗಿದೆ? ಆದರೆ ಆ ಕಲ್ಲು ನಾನು ಗೆದ್ದದ್ದಕ್ಕೆ ಬಿದ್ದ ಹೆಸರಲ್ಲ. ಇದೇ ರಸ್ತೆಯಲ್ಲಿ, ನಾಲ್ಕು ವರ್ಷದ ಹಿಂದಿನ ನಾಗರ ಪಂಚಮಿಯಲ್ಲಿ, ಇಡೀ ಊರಿನ ಎದುರು ನಾನು ನಿಂತುಬಿಟ್ಟ ಜಾಗ ಅದು.

ಮೊದಲು ನನ್ನ ಕೆಲಸ ಏನಿತ್ತು ಎಂಬುದನ್ನು ಹೇಳಬೇಕು. ಅದನ್ನು ಊರಿಗೆ ಹೇಳಿ ಹೇಳಿಯೇ ನನ್ನ ಅರ್ಧ ಆಯುಷ್ಯ ಕಳೆದಿದೆ. ನಾನು ಹನ್ನೊಂದು ವರ್ಷ ಹೊರದೇಶದಲ್ಲಿ ಫುಟ್‌ಬಾಲ್ ಆಡಿದೆ. ನೇಪಾಳದಲ್ಲಿ ಮೂರು, ಭೂತಾನದಲ್ಲಿ ಎರಡು, ಕೊನೆಯ ಆರು ಮಾಲ್ಡೀವ್ಸ್‌ನಲ್ಲಿ. ಆಡಿದ್ದು ಡಿಫೆಂಡರ್ ಆಗಿ. ಎದುರಾಳಿ ಚೆಂಡು ತಂದರೆ ಅವನನ್ನು ನಮ್ಮ ಗೋಲಿನ ಹತ್ತಿರ ಬಿಡದಿರುವುದು, ಅಷ್ಟೇ ಕೆಲಸ. ಊರಿಗೆ ಬಂದಾಗಲೆಲ್ಲ ಊರಬಾಗಿಲ ಅಗಸಿ ದಾಟುವ ಮೊದಲೇ ಒಂದು ಪ್ರಶ್ನೆ ಕಾದಿರುತ್ತಿತ್ತು.

"ಏನ್ಲೇ ಈರ್ಯಾ, ಈ ವರ್ಷ ಎಷ್ಟ ಗೋಲ್ ಹೊಡದಿ?"

"ನಾ ಗೋಲ್ ಹೊಡ್ಯಾಂವ ಅಲ್ಲ, ತಡ್ಯಾಂವ."

"ಅದೆಲ್ಲಾ ಖರೆ. ಆದ್ರ ಎಷ್ಟ ಹೊಡದಿ?"

ಹೊಲ ಕಾಯುವವನನ್ನು ಹಿಡಿದು ಎಷ್ಟು ಚೀಲ ಬೆಳೆದೆ ಎಂದು ಕೇಳಿದರೆ ಅವನು ಏನು ಹೇಳಬೇಕು? ಹಂದಿ ಬರಲಿಲ್ಲ ಎನ್ನುವುದೇ ಅವನ ಬೆಳೆ. ಹನ್ನೊಂದು ವರ್ಷದಲ್ಲಿ ನಾನು ಹೊಡೆದದ್ದು ಎರಡು ಗೋಲು, ಅದರಲ್ಲಿ ಒಂದು ನಮ್ಮ ಕಡೆಗೇ. ಅದನ್ನು ಊರಲ್ಲಿ ಬಾಯಿ ಬಿಡಲಿಲ್ಲ.

ಮಾಲ್ಡೀವ್ಸ್ ಸೇರಿದ ಮೇಲಂತೂ ಕಥೆ ಇನ್ನೂ ಕೆಟ್ಟಿತು. ಸಿನಿಮಾದವರು ಮದುವೆಯಾದ ಕೂಡಲೇ ಓಡಿ ಹೋಗುವ ಜಾಗ ಅದು ಎಂದು ಯಾರೋ ಮೊಬೈಲಿನಲ್ಲಿ ತೋರಿಸಿದ್ದರು. ನೀಲಿ ನೀರಿನ ಮೇಲೆ ಗಾಜಿನ ಮನೆ, ಅದರಲ್ಲಿ ಈರಣ್ಣ ಕಾಲು ಚಾಚಿ ಕೂತಿದ್ದಾನೆ ಎಂದು ಊರು ನಂಬಿಕೊಂಡಿತು. ನಾನಿದ್ದದ್ದು ಗೋಡೆಗೆ ಗೋಡೆ ತಾಗಿದ ಪಟ್ಟಣದಲ್ಲಿ, ನಾಲ್ಕು ಜನರ ಒಂದು ಕೋಣೆಯಲ್ಲಿ, ಕಿಟಕಿ ತೆಗೆದರೆ ಬರೀ ಸ್ಕೂಟರಿನ ಹೊಗೆ. ಪ್ಲಾಸ್ಟಿಕ್ ಹುಲ್ಲಿನ ಮೈದಾನದಲ್ಲಿ ಬಿದ್ದರೆ ತೊಡೆಯ ಚರ್ಮ ಸುಲಿದು ಬರುತ್ತಿತ್ತು. ಹೇಳಿದರೆ ಯಾರು ಕೇಳುತ್ತಾರೆ? ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ.

ಅಲ್ಲಿ ನನ್ನ ನಾಲ್ಕನೇ ವರ್ಷದ ಕೊನೆಯ ಪಂದ್ಯದಲ್ಲಿ ಬಲ ಮೊಣಕಾಲು ತಿರುಚಿತು. ಆಟ ಮುಗಿಯಲು ಇನ್ನೂ ಇಪ್ಪತ್ತೈದು ನಿಮಿಷ ಇತ್ತು. ಕೋಚು ಅಂಚಿನಿಂದ ಕೈ ಮಾಡಿ ಹೇಗಿದೆ ಎಂದು ಕೇಳಿದ. ನಾನು ನಕ್ಕು ಹೆಬ್ಬೆರಳು ಎತ್ತಿದೆ. ಅದು ನನ್ನ ಹುಟ್ಟುಗುಣ, ನೋವಾದರೆ ಹಲ್ಲು ಕಿರಿಯುತ್ತೇನೆ. ಆ ಇಪ್ಪತ್ತೈದು ನಿಮಿಷ ಹಲ್ಲು ಕಿರಿದುಕೊಂಡೇ ಆಡಿದೆ. ಕೀಲಿನೊಳಗಿನ ಮೆತ್ತನೆಯ ಗಾದಿಯಂಥದ್ದು ಅಂಚಿಗೆ ಹರಿದಿತ್ತು. ಅಲ್ಲೇ ಆಪರೇಷನ್ ಮಾಡಿ, ಹೊಲಿಗೆ ಹಾಕಿ, ನಾಲ್ಕು ತಿಂಗಳು ಮನೆಗೆ ಹೋಗು ಎಂದರು. ಪಂಚಮಿಯಾದ ಮೂರು ವಾರಕ್ಕೆ ವಾಪಸು ಬಂದು ಓಡಿ ತೋರಿಸಬೇಕು. ಪಾಸಾದರೆ ಇನ್ನೆರಡು ವರ್ಷದ ಕರಾರು, ಇಲ್ಲವಾದರೆ ಅಲ್ಲಿಗೆ ಮುಗಿಯಿತು. ನನಗಾಗ ಮೂವತ್ತೊಂದು. ಆ ವಯಸ್ಸಿನ ಮುರುಕು ಡಿಫೆಂಡರನನ್ನು ಬೇರೆ ಯಾವ ಕ್ಲಬ್ಬೂ ಕರೆಯುವುದಿಲ್ಲ.

ಕ್ಲಬ್ಬಿನ ಫಿಸಿಯೋ ನಿಲ್ಮಿಣಿ ಎಂಬ ಶ್ರೀಲಂಕಾದ ಹೆಣ್ಣುಮಗಳು, ಬಹಳ ಕಟ್ಟುನಿಟ್ಟು. ದಿನಾ ಫೋನಿನಲ್ಲೇ ಮೊಣಕಾಲು ನೋಡುತ್ತಿದ್ದಳು. ಮೂರನೇ ತಿಂಗಳಿಗೆ ಅವಳು ಕೊಟ್ಟ ವ್ಯಾಯಾಮ ಹಿಂದಕ್ಕೆ ನಡೆಯುವುದು. ಮೊಣಕಾಲಿಗೆ ಭಾರ ಕಡಿಮೆ, ತೊಡೆಗೆ ಬಲ ಹೆಚ್ಚು, ಹೇಗೂ ಡಿಫೆಂಡರನ ಅರ್ಧ ಆಟ ಹಿಂದಕ್ಕೆ ಓಡುವುದರಲ್ಲೇ ಇದೆ ಎಂದಳು.

ಎಲ್ಲಿ ನಡೆಯುವುದು? ಆ ವರ್ಷ ಆಷಾಢದಲ್ಲಿ ಹಿಡಿದ ಮಳೆ ಬಿಡಲೇ ಇಲ್ಲ. ನಮ್ಮದು ಎರೆ ಭೂಮಿ. ಹಸಿಯಾದಾಗ ಹೊಲದಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಕಾಲಿಗೊಂದು ಸೇರು ಮಣ್ಣು ಅಂಟುತ್ತದೆ. ಹೆಸರಿನ ಹೊಲ ಕಾಯಿಗೆ ಬಂದಿತ್ತು, ಬದುವಿನ ಮೇಲೂ ಜಾರಿಕೆ. ಇದ್ದದ್ದು ಒಂದೇ ಒಣ ಜಾಗ, ಸಂಶಿಯ ಡಾಂಬರು ರಸ್ತೆ. ದಿನಾ ಬೆಳಿಗ್ಗೆ ಮಳೆ ಬಿಟ್ಟ ಸಂದಿನಲ್ಲಿ ಆ ರಸ್ತೆಯ ಮೇಲೆ, ಮುಖ ಊರಿಗೆ ಮಾಡಿ, ಹಿಂದಕ್ಕೆ ನಡೆದೆ. ಊರೆಲ್ಲ ನೋಡಿತು.

ನೋಡಿದವರು ಕೇಳಬಹುದಿತ್ತು. ಒಬ್ಬರೂ ಕೇಳಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ. ನಮ್ಮಲ್ಲಿ ಪಂಚಮಿಗೆ ಹೆಣ್ಣುಮಕ್ಕಳಿಗೆ ಜೋಕಾಲಿ, ಗಂಡಸರಿಗೆ ಪಂತ. ನಿಂಬೆಹಣ್ಣು ಎಸೆಯುವ ಪಂತ, ಚೀಲ ಹೊರುವ ಪಂತ, ಎಲ್ಲಕ್ಕಿಂತ ದೊಡ್ಡದು ಊರಿಂದ ಊರಿಗೆ ಹಿಂದಕ್ಕೆ ನಡೆಯುವ ಪಂತ. ಹಿಂದಿನ ಎರಡು ವರ್ಷವೂ ಇದರಲ್ಲಿ ಸಂಶಿಯವರದೇ ಕೈ ಮೇಲಾಗಿತ್ತು. ಈಗ ಫಾರಿನ್ ಆಟಗಾರ ದಿನಾ ಹಿಂದಕ್ಕೆ ನಡೆಯುತ್ತಿದ್ದಾನೆ, ಅದೂ ಸಂಶಿಯ ರಸ್ತೆಯಲ್ಲಿ. ಊರಿಗೆ ಇನ್ನೇನು ಬೇಕು?

ರಾಜೇಸಾಬ ಕಾಕಾನ ಪಂಚರ್ ಅಂಗಡಿ ಅಗಸಿಯ ಬಾಜು. ಚಿಕ್ಕವನಿದ್ದಾಗ ನನ್ನ ಚೆಂಡಿಗೆ ಗಾಳಿ ತುಂಬುತ್ತಿದ್ದವನು ಅವನೇ. ಅದೊಂದು ಕಾರಣಕ್ಕೆ ನನ್ನ ಇಡೀ ಆಟಕ್ಕೆ ತಾನೇ ಮೂಲಪುರುಷ ಎಂದುಕೊಂಡಿದ್ದ. ಪಂಚಮಿಗೆ ವಾರವಿದ್ದಾಗ ನನ್ನನ್ನು ಅಂಗಡಿಗೆ ಕರೆದು, ಚಹಾ ತರಿಸಿ, ಗುಟ್ಟು ಹೇಳುವವನ ಹಾಗೆ ಹೇಳಿದ.

"ತಮ್ಮಾ, ಪಂತಾ ಕಟ್ಟಿ ಬಂದೇನಿ. ಸೋತವರು ಗೆದ್ದ ಊರಿಗೆ ಹೋಳಿಗಿ ಊಟಾ ಹಾಕಬೇಕು."

"ಯಾರ ಮ್ಯಾಲ ಕಟ್ಟೀಯೋ ಕಾಕಾ?"

"ನಿನ್ನ ಮ್ಯಾಲ. ತಿಂಗಳಾತು ತಯಾರಿ ಮಾಡಾಕತ್ತಿ, ನಮಗ ಕಣ್ಣಿಲ್ಲೇನು?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮೊಣಕಾಲಿನ ಹೊಲಿಗೆ ತೋರಿಸಿದೆ, ಕರಾರಿನ ಮಾತು ಹೇಳಿದೆ, ಇದು ಔಷಧ, ಆಟವಲ್ಲ ಎಂದು ಬಿಡಿಸಿ ಹೇಳಿದೆ. ಅವನು ಎಲ್ಲವನ್ನೂ ಸಮಾಧಾನದಿಂದ ಕೇಳಿ, "ಹಂಗಾದ್ರ ಪಂತದ ದಿನಾ ಎರಡು ಸರ್ತಿ ಔಷಧಾ ತಗೊಂಡಂಗಾತು ಬಿಡು" ಎಂದ. ಮನೆಗೆ ಬಂದು ಬಾಗಿಲು ಹಾಕಿಕೊಂಡೆ.

ಮರುದಿನ ಅಕ್ಕನನ್ನು ಹಬ್ಬಕ್ಕೆ ಕರೆದುಕೊಂಡು ಮಾವ ಬಂದ. ಅಕ್ಕನ ಗಂಡ ಗುರಪ್ಪ ಮಾವ ಸಂಶಿಯವನು, ಎರಡು ವರ್ಷ ಪಂತ ಗೆದ್ದವನೂ ಅವನೇ. ಅವ್ವ ಬಡಿಸಿದ ಶೇಂಗಾ ಉಂಡಿ ಬಾಯಿಗೆ ಹಾಕಿಕೊಳ್ಳುತ್ತ ಅಕ್ಕನಿಗೆ ಹೇಳುವವನಂತೆ ನನಗೆ ಹೇಳಿದ: "ನಿನ್ನ ತಮ್ಮ ಒಲ್ಲೆ ಅಂದ್ನಂತ. ಪಾಪ, ಸಮುದ್ರದ ದಂಡಿಗೆ ಕುಂತು ಕುಂತು ಕಾಲು ಮೆತ್ತಗಾಗ್ಯಾವು."

ಅದನ್ನಾದರೂ ನುಂಗಿಕೊಂಡೆ. ಸಂಜೆ ಕಾಕಾ ಹತ್ತು ಜನರನ್ನು ಕಟ್ಟಿಕೊಂಡು ನಮ್ಮ ಮನೆಯ ಕಟ್ಟೆಗೆ ಬಂದು ಕೂತ. ಈ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ನೋಡು ಈರಣ್ಣಾ, ಒಂಬತ್ತು ವರ್ಷಾತು, ನೀ ಆಡ್ತಿ ಅಂತ ಕೇಳೇವಿ. ಒಂದರ ದಿನಾ ನಿನ್ನ ಆಟಾ ನಾವು ಕಣ್ಣಾರೆ ನೋಡೇವೇನು? ಟೀವ್ಯಾಗ ಬರೂದಿಲ್ಲ, ಪೇಪರನ್ಯಾಗ ಬರೂದಿಲ್ಲ. ನಮಗೂ ಒಮ್ಮಿ ತೋರಸಪಾ."

ನಿಜ, ನನ್ನ ಊರಿನ ಒಂದು ನರಪಿಳ್ಳೆಯೂ ನನ್ನ ಆಟ ನೋಡಿರಲಿಲ್ಲ. ಅವ್ವ ಕೂಡ. ಆ ಮಾತು ನನಗೆ ಬಹಳ ನಾಟಿತು. ಒಳಗೆ ಹೋಗಿ ನಿಲ್ಮಿಣಿಗೆ ಫೋನು ಮಾಡಿದೆ. ಮೂರು ಕಿಲೋಮೀಟರ್ ನಡೆಯಬೇಕು ಎಂದೆ, ಪಂತ ಎಂದು ಮಾತ್ರ ಹೇಳಲಿಲ್ಲ. ನಿಧಾನಕ್ಕೆ ನಡೆ, ನೋವು ಬಂದ ಕ್ಷಣ ನಿಲ್ಲು, ಒಂದು ಹೆಜ್ಜೆಯೂ ಮುಂದೆ ಹೋಗಬೇಡ ಎಂದು ನನ್ನ ಬಾಯಿಂದಲೇ ಮೂರು ಸಲ ಹೇಳಿಸಿ ಫೋನಿಟ್ಟಳು. ಹೊರಗೆ ಬಂದು ಹೂಂ ಎಂದೆ. ಸಿಳ್ಳೆ ಬಿದ್ದವು.

ಈ ನಡಿಗೆಗೆ ಮೂರು ಕಟ್ಟಳೆ. ಮುಖ ತಿರುಗಿಸಬಾರದು. ಯಾರೂ ಮುಟ್ಟಬಾರದು. ಕಾಲು ನಿಂತರೆ ಮೂರು ಎಣಿಸುವುದರೊಳಗೆ ಮತ್ತೆ ಎತ್ತಬೇಕು, ಇಲ್ಲದಿದ್ದರೆ ಸೋತಂತೆ. ಹಿಂದಿನದು ಕಾಣುವುದಿಲ್ಲವಲ್ಲ, ಅದಕ್ಕೆ ಎದುರಿಗೆ ಒಬ್ಬರು ನಡೆಯುತ್ತ ದಾರಿ ಹೇಳಬಹುದು. ಅವರಿಗೆ ಕಣ್ಣು ಎನ್ನುತ್ತೇವೆ. ಹಬ್ಬದ ದಿನ ನನ್ನ ಕಣ್ಣು ತಾನೇ ಎಂದು ಕಾಕಾ ಹೊಸ ಟೋಪಿ ಹಾಕಿಕೊಂಡು ಬಂದಿದ್ದ. ಹತ್ತು ಮಾರು ಆಚೆ ಎತ್ತು ಯಾವುದು ಎಮ್ಮೆ ಯಾವುದು ಅವನಿಗೆ ತಿಳಿಯುತ್ತಿರಲಿಲ್ಲ.

ಅವ್ವ ಅಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಆಗ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

"ಬಾಜು ಸರಿ ಅಣ್ಣಾ. ಕಣ್ಣ ನಾ ಆಗ್ತೀನಿ."

"ಹೆಣ್ಣಮಕ್ಕಳು ಯಾವತ್ತರ ಕಣ್ಣ ಆಗ್ಯಾರೇನ ತಂಗಿ?" ಎಂದ ಕಾಕಾ.

"ಹುಟ್ಟಿದಾಗಿಂದ ಇವನ ಮಾರಿ ನೋಡಕೋಂತ ಬಂದಾಕಿ ನಾನು. ನಿಮಗೇನು ತಿಳೀತೈತಿ?"

ಕಾಕಾ ಪಕ್ಕಕ್ಕೆ ಸರಿದ. ನಮ್ಮ ಅವ್ವನ ಜೊತೆ ಎದುರಾಡುವುದು ಊರಿಗೆ ರೂಢಿಯಿಲ್ಲ.

ಹಬ್ಬದ ಮಧ್ಯಾಹ್ನ ಮೋಡ ಕಟ್ಟಿತ್ತು, ಮಳೆ ಇರಲಿಲ್ಲ. ಹಲಗೆಯ ಸದ್ದಿಗೆ ನಾಯಿಗಳೆಲ್ಲ ಊರು ಬಿಟ್ಟಿದ್ದವು. ಅಗಸಿಯಿಂದ ಹೊರಟಾಗ ಮಾವ ಮೊದಲೇ ಜೋರು ಬಿಟ್ಟ. ನಾನು ಬಿಡಲಿಲ್ಲ. ಬೆನ್ನ ಹಿಂದೆ ಏನಿದೆಯೋ ಕಾಣದೆ, ದನಿಯೊಂದನ್ನೇ ನಂಬಿ ಹಿಂದೆ ಸರಿಯುವುದು ಡಿಫೆಂಡರನಿಗೆ ಹೊಸದಲ್ಲ. ಅವ್ವ ಆರು ಹೆಜ್ಜೆ ದೂರದಲ್ಲಿ ನನ್ನ ಮುಖಕ್ಕೆ ಕಣ್ಣು ನೆಟ್ಟು ಬರುತ್ತಿದ್ದಳು. "ಎಡಕ್ಕ ಬಾ. ಕಲ್ಲೈತಿ. ಸೀದಾ ಬಾ." ಹಳ್ಳದ ಸೇತುವೆ ದಾಟಿದಾಗ ಮಾವ ಏದುಸಿರು ಬಿಡುತ್ತಿದ್ದ. ಎರಡೂವರೆ ಕಿಲೋಮೀಟರ್ ಮುಗಿದಾಗ ನಾನು ಅವನಿಗಿಂತ ಇಪ್ಪತ್ತು ಹೆಜ್ಜೆ ಮುಂದೆ. ನಮ್ಮೂರ ಹುಡುಗರು ಎರಡೂ ಕಡೆ ಕುಣಿಯುತ್ತ ಬಂದರು. ನಾನೂ ನಗುತ್ತಿದ್ದೆ. ಎಲ್ಲರೂ ನನ್ನ ಕಾಲು ನೋಡುತ್ತಿದ್ದರು, ಅವು ಸರಿಯಾಗಿಯೇ ಬೀಳುತ್ತಿದ್ದವು.

ಮೊಣಕಾಲಿನೊಳಗೆ ಸೂಜಿ ಆಡತೊಡಗಿದ್ದು ಸೇತುವೆಯ ಹತ್ತಿರವೇ. ನಿಲ್ಮಿಣಿಗೆ ಕೊಟ್ಟ ಮಾತು ನೆನಪಿತ್ತು. ಆದರೂ ನಿಲ್ಲಲಿಲ್ಲ. ನನ್ನ ಊರು ಮೊದಲ ಸಲ ನನ್ನನ್ನು ನೋಡುತ್ತಿತ್ತು. ಇನ್ನು ಅರ್ಧ ಕಿಲೋಮೀಟರ್ ತಾನೇ, ಆಮೇಲೆ ನೋಡಿಕೊಳ್ಳೋಣ ಎಂದು ಹೆಜ್ಜೆ ಜೋರು ಮಾಡಿದೆ.

"ನಿಂದ್ರು!" ಎಂದಳು ಅವ್ವ. "ನಿಂದ್ರೋ, ಹಿಂದ ತೆಗ್ಗ ಐತಿ!"

ನಿಂತೆ. ಯೋಚನೆ ಮಾಡಿ ನಿಂತದ್ದಲ್ಲ. ಕಾಣದ ಕಡೆಯ ಬಗ್ಗೆ ಕೂಗು ಬಂದರೆ ಕಾಲು ತಾನೇ ನಿಲ್ಲುತ್ತದೆ, ಹನ್ನೆರಡನೇ ವಯಸ್ಸಿನಿಂದ ಮೈದಾನದಲ್ಲಿ ಕಲಿತದ್ದು ಅದು. ಹಲಗೆಯ ಗದ್ದಲದಲ್ಲಿ ಅವಳ ಮಾತು ಬೇರೆ ಯಾರಿಗೂ ಕೇಳಲಿಲ್ಲ. ಎಡಕ್ಕೋ ಬಲಕ್ಕೋ ಎಂದು ಅವಳು ಹೇಳಲಿ ಎಂದು ಕಾದೆ. ಅವಳು ತುಟಿ ಬಿಗಿದು ಸುಮ್ಮನೆ ನಿಂತಳು. ಸಂಶಿಯ ಕಡೆಯವನೊಬ್ಬ ಓಡಿ ಬಂದು ಒಂದು, ಎರಡು, ಮೂರು ಎಂದು ಎಣಿಸಿ ಕೈ ಎತ್ತಿದ. ಹಲಗೆ ನಿಂತಿತು.

ತಿರುಗಿ ನೋಡಿದೆ. ತೆಗ್ಗೂ ಇಲ್ಲ, ಗುಂಡಿಯೂ ಇಲ್ಲ. ಅಂಗೈಯಂಥ ರಸ್ತೆ, ಪಕ್ಕದಲ್ಲಿ ಒಂದು ಗಡಿಕಲ್ಲು. ಅದರ ಪಕ್ಕದಿಂದ ಮಾವ ಹಿಂದಕ್ಕೆ ನಡೆಯುತ್ತ, ನನ್ನ ಮುಖ ನೋಡುತ್ತ, ನನಗಿಂತ ಮುಂದೆ ಹೋದ.

"ಎಲ್ಲೈತಿ ತೆಗ್ಗ?" ಎಂದೆ.

"ನನಗ ಕಂಡಿತು" ಎಂದಳು ಅವ್ವ. "ನಡಿ, ಮನಿಗೆ ಹೋಗೂಣು."

ಆಮೇಲಿನ ಮೂರು ದಿನ ನಾನು ಯಾರಿಗೂ ಮುಖ ತೋರಿಸುವಂತಿರಲಿಲ್ಲ, ಆದರೆ ತೋರಿಸಬೇಕಾಯಿತು. ಸಂಶಿಯವರು ಹೋಳಿಗೆ ಊಟಕ್ಕೆ ಬಂದರು. ಸೋತವನೇ ಬಡಿಸಬೇಕು ಎನ್ನುವುದು ಪದ್ಧತಿ. ಮಾವನ ಎಲೆಗೆ ತುಪ್ಪ ಹಾಕಿದೆ. "ಇನ್ನಷ್ಟ ಹಾಕಪಾ, ಕಾಲು ನೋಯತಾವು" ಎಂದ. ಕಾಕಾನ ಅಂಗಡಿಯ ಮುಂದೆ ಹಾದುಹೋದರೆ ಅವನು ಪಂಪು ಒತ್ತುತ್ತ ಬೇರೆ ಕಡೆ ನೋಡಿದ. ಗೆಲ್ಲುವವನು ಗೆಲುವು ಬಿಟ್ಟು ನಿಂತ ಎಂಬುದು ಅವನಿಗೆ ಅರಗಲಿಲ್ಲ. ಅವ್ವ ನಿಲ್ಲಿಸಿದಳು ಎಂದು ನಾನು ಯಾರಿಗೂ ಹೇಳಲಿಲ್ಲ, ಅವಳ ಜೊತೆ ಮಾತೂ ಆಡಲಿಲ್ಲ.

ನಿಜ ಹೇಳಬೇಕೆಂದರೆ, ನಾನು ಹಲ್ಲು ಕಿರಿದದ್ದನ್ನು ನೋಡಿಯೇ ಅವ್ವ ನಿಲ್ಲಿಸಿದ್ದಳು ಎಂದು ನನಗೆ ಅವತ್ತು ಸಂಜೆಯೇ ತಿಳಿದಿತ್ತು. ಮೊಣಕಾಲು ಕುಂಬಳಕಾಯಿಯಷ್ಟು ಊದಿತ್ತು. ಫೋನಿನಲ್ಲಿ ನೋಡಿದ ನಿಲ್ಮಿಣಿ ಬೈದ ಬೈಗುಳ ಯಾವ ಭಾಷೆಯದೋ, ಅರ್ಥ ಮಾತ್ರ ಚೆನ್ನಾಗಿ ಆಯಿತು. ಹುಬ್ಬಳ್ಳಿಗೆ ಹೋಗಿ ಸ್ಕ್ಯಾನ್ ಮಾಡಿಸಿದೆ. ಹೊಲಿಗೆ ಎಳೆದಿತ್ತು, ಬಿಟ್ಟಿರಲಿಲ್ಲ. ಎಲ್ಲಿ ನಿಂತೆ ಎಂದು ನಿಲ್ಮಿಣಿ ಕೇಳಿದಳು, ಹೇಳಿದೆ. "ಇನ್ನರ್ಧ ಕಿಲೋಮೀಟರ್ ನಡೆದಿದ್ದರೆ ನೀನು ಇಲ್ಲಿಗೆ ಬರುವ ಅಗತ್ಯವೇ ಇರಲಿಲ್ಲ" ಎಂದಳು. ಹತ್ತು ದಿನ ಮಂಜುಗಡ್ಡೆ, ಹತ್ತು ದಿನ ಹಾಸಿಗೆ. ಆಮೇಲೆ ಹೋಗಿ ಓಡಿ ತೋರಿಸಿದೆ, ಪಾಸಾದೆ. ಎರಡು ವರ್ಷ ಆಡಿದೆ, ಅದೇ ನನ್ನ ಆಟದ ಒಳ್ಳೆಯ ಎರಡು ವರ್ಷ. ಊರಿಗೆ ಗೊತ್ತಾದದ್ದು ಅದ್ಯಾವುದೂ ಅಲ್ಲ. ಗಡಿಕಲ್ಲಿಗೆ ಯಾರೋ ಸುಣ್ಣ ಬಳಿದು ‘ಈರಣ್ಣ ನಿಂತ ಕಲ್ಲು’ ಎಂದರು. ಬಸ್ಸಿನವರು ಅದನ್ನೇ ಸ್ಟಾಪು ಮಾಡಿದರು.

ಈಗ ಆಟ ಬಿಟ್ಟು ಎರಡು ವರ್ಷವಾದ ಮೇಲೆ ಬಂದು ನೋಡಿದರೆ ಇದು. ನನ್ನೊಬ್ಬನ ಮೊಣಕಾಲಿಗೆ ಬರೆದ ಔಷಧವನ್ನು ಇಡೀ ಊರು ಹಂಚಿಕೊಂಡು ಕುಡಿಯುತ್ತಿದೆ. ಕೀಲುನೋವಿನವರೆಲ್ಲ ಬೆಳಗಾದರೆ ಹಿಂದಕ್ಕೆ ನಡೆಯುತ್ತಾರೆ. ಡಾಕ್ಟರನ್ನು ಕೇಳಿದ್ದೀರಾ ಎಂದರೆ, "ನೀ ನಡದು ಫಾರಿನ್ನಿಗೆ ಹೋಗಲಿಲ್ಲೇನು?" ಎನ್ನುತ್ತಾರೆ. ಟ್ರ್ಯಾಕ್ಟರು ಬರುತ್ತವೆ, ಬೈಕು ಬರುತ್ತವೆ, ಇವರಿಗೆ ಒಬ್ಬ ಕಣ್ಣು ಕೂಡ ಇಲ್ಲ. ಮೊದಲ ದಿನ ಕೂಗಾಡಿದೆ. ಎರಡನೇ ದಿನ ಬೇರೆ ದಾರಿ ಕಾಣದೆ ಎದುರಿಗೆ ನಿಂತು ನಾನೇ ಕಣ್ಣಾದೆ.

ಎಡಕ್ಕೆ, ಬಲಕ್ಕೆ ಎಂದು ಗಂಟಲು ಹರಿದುಕೊಳ್ಳುತ್ತ ನಡೆಸಿದೆ. ಸೇತುವೆ ದಾಟಿದ ಮೇಲೆ ಕಾಕಾ ಮಾತು ತೆಗೆದ.

"ಎಷ್ಟ ಗೋಲ್ ಹೊಡದಿ ಅಂದ್ರ ಸಿಟ್ಟಿಗೇಳ್ತಿ, ಅದನ್ನ ಕೇಳಂಗಿಲ್ಲ. ಒಂದ ಹೇಳು. ಗೆಲ್ಲಾಂವ ಇದ್ದಿ, ಅವತ್ತ ಯಾಕ ನಿಂತಿ?"

ನಾನು ಅವ್ವನ ಕಡೆ ನೋಡಿದೆ. ಸಾಲಿನ ತುದಿಯಲ್ಲಿ ಅವಳು ಎಲ್ಲರಿಗೆ ಸಮವಾಗಿ ಹೆಜ್ಜೆ ಹಾಕುತ್ತಿದ್ದಳು. ಹಣೆಯ ಮೇಲೆ ಬೆವರು, ಮುಖದ ತುಂಬ ನಗು. ನಗುವಂಥ ಮಾತು ಯಾರೂ ಆಡಿರಲಿಲ್ಲ. ನನ್ನ ಹುಟ್ಟುಗುಣ ಯಾರ ಕಡೆಯಿಂದ ಬಂದದ್ದು ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

"ನಿಂದ್ರು ಅವ್ವಾ" ಎಂದೆ. "ಹಿಂದ ತೆಗ್ಗ ಐತಿ."

ಅವ್ವ ನಿಂತಳು. ಅವಳ ಜೊತೆ ಉಳಿದವರೂ ನಿಂತರು. ಕಾಕಾ ಒಬ್ಬನೇ ಗಾಬರಿಯಿಂದ ಹೊರಳಿ, ಕಣ್ಣು ಕಿರಿದು ಮಾಡಿ, ಖಾಲಿ ರಸ್ತೆಯನ್ನು ಆ ತುದಿಯವರೆಗೆ ನೋಡಿದ.

"ಎಲ್ಲೈತೋ ತೆಗ್ಗ?"

"ಐತಿ, ಸುಮ್ನಿರಣ್ಣಾ" ಎಂದಳು ಅವ್ವ, ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ರಸ್ತೆಯ ಅಂಚಿಗೆ ಕೂರುತ್ತ.